ಸಿಸ್ಟರ್‌ಗಳ ಕಾಲೇಜಿಗೆ ಮಗಳನ್ನು ಕಳಿಸಲೇ?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನ ರೈತ. ಕಾಲುವೆ ನೀರಿಗೆ ನಾಲ್ಕು ಎಕರೆ ನೆಲ್ಲು ಬೆಳೆಯುತ್ತೇನೆ. ಒಬ್ಬಳೇ ಮಗಳು, ಬಳ್ಳಾರಿಯಲ್ಲಿ ಬಿ.ಎ. ಮುಗಿಸಿದ್ದಾಳೆ. ಈಗ ಮಂಗಳೂರಿನ ಸಿಸ್ಟರ್‌ಗಳ ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯೂ ಓದುತ್ತೇನೆ, ಮುಂದೆ ದೊಡ್ಡ ಸಂಸ್ಥೆ ಸೇರಿ ಬೇರೆ ದೇಶಗಳ ಬಡವರ ನಡುವೆ ಕೆಲಸ ಮಾಡುತ್ತೇನೆ ಅಂತಾಳೆ. ಕುರುಗೋಡಿನ ನಮ್ಮ ಭಾವನವರು ‘ಅಲ್ಲಿಗೆ ಕಳಿಸಿದರೆ ಮತ ಬಿಟ್ಟು ಬರ್ತಾಳೆ ನೋಡು’ ಅಂತ ಹೆದರಿಸಿದ್ದಾರೆ. ಬಿ.ಎಡ್. ಮಾಡಿದರೆ ನಮ್ಮ ಭಾಗದವರಿಗಿರುವ 371 ಜೆ ಮೀಸಲಾತಿಯಲ್ಲಿ ಟೀಚರ್ ಕೆಲಸವಾದರೂ ಸಿಗಬಹುದು. ಬಡವರ ಸೇವೆ ಮಾಡೋಕೆ ಎರಡು ವರ್ಷದ ಡಿಗ್ರಿ ಬೇಕಾ? ಸಂಬಳ ಯಾರು ಕೊಡ್ತಾರೆ?

ಉತ್ತರ: ಯಜಮಾನರೆ, ನಿಮ್ಮ ಪತ್ರದಲ್ಲಿ ಇರುವುದು ಎರಡು ಭಯ. ಮತದ ಭಯ ಭಾವನವರದು, ಸಂಬಳದ ಭಯ ನಿಮ್ಮದು. ನನ್ನ ಲೆಕ್ಕದಲ್ಲಿ ನಿಮ್ಮ ಭಯಕ್ಕೇ ತೂಕ ಹೆಚ್ಚು. ಆದರೆ ಊರಿನ ಕಟ್ಟೆಯ ಮೇಲೆ ಓಡಾಡುವುದು ಭಾವನವರ ಮಾತು, ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ಬಳ್ಳಾರಿಗೆ ಕ್ರೈಸ್ತರ ವಿದ್ಯಾಸಂಸ್ಥೆಗಳು ಹೊಸವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಕನ್ನಡ ಬೈಬಲ್ಲಿನ ಕೆಲಸ ನಡೆದದ್ದು, ವಿಲಿಯಂ ರೀವ್ ಕನ್ನಡ ನಿಘಂಟಿಗೆ ದುಡಿದದ್ದು ಈ ಊರಿನ ನೆಲದಲ್ಲೇ. ಅವರ ಮಿಷನ್ನಿನ ವಾರ್ಡ್‌ಲಾ ಶಾಲೆಯಲ್ಲಿ ಎಲ್ಲ ಜಾತಿ, ಎಲ್ಲ ಮತದ ಮಕ್ಕಳು ತಲೆಮಾರುಗಳಿಂದ ಓದಿದ್ದಾರೆ, ಓದಿ ತಂತಮ್ಮ ಮನೆದೇವರಿಗೇ ನಡೆದುಕೊಂಡಿದ್ದಾರೆ. ಭಾವನವರ ಮಕ್ಕಳು ಯಾವ ಶಾಲೆಯಲ್ಲಿ ಓದಿದರು ಎಂದು ಒಮ್ಮೆ ಮೆಲ್ಲಗೆ ಕೇಳಿ. ಕಾನ್ವೆಂಟ್ ಎಂದರೆ ನನಗೇನೂ ಆಶ್ಚರ್ಯವಿಲ್ಲ.

ಅವರ ಮಾತಿಗೆ ಬೇರೇ ಇಲ್ಲ ಎಂದೂ ನಾನು ಹೇಳುವುದಿಲ್ಲ. 1876ರಿಂದ 78ರವರೆಗಿನ ಧಾತು ಬರದಲ್ಲಿ ಬಳ್ಳಾರಿ ಜಿಲ್ಲೆ ಬಹಳ ನರಳಿತು. ಅಂಥ ಕಾಲದಲ್ಲಿ ಮಿಷನ್ನುಗಳು ಗಂಜಿ ಕೊಟ್ಟವು, ಅನಾಥ ಮಕ್ಕಳನ್ನು ಸಾಕಿದವು. ಗಂಜಿಯ ಜೊತೆ ಮತವೂ ಬಂತೇ ಎಂಬ ಜಗಳ ಅಂದಿನಿಂದ ಇಂದಿನವರೆಗೂ ಇದೆ. ಈ ಜಗಳ ಕ್ರೈಸ್ತ ಪರಿಹಾರ ಸಂಸ್ಥೆಗಳಿಗೂ ಗೊತ್ತಿದೆ. ರೆಡ್‌ಕ್ರಾಸ್ ಜೊತೆ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಸೇರಿ 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ, ನೆರವನ್ನು ಯಾವ ಮತದ ಅಥವಾ ರಾಜಕೀಯದ ಪ್ರಚಾರಕ್ಕೂ ಬಳಸಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇನ್ನು ಕಾಲೇಜಿನ ವಿಷಯ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ವಿದ್ಯಾಸಂಸ್ಥೆಯೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಆಕೆಯನ್ನು ಪ್ರಾರ್ಥನೆಗೆ ಅಥವಾ ಧರ್ಮಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿ ಹೇಳುವುದು ಇದನ್ನೇ. ಗೋಡೆಯ ಮೇಲೆ ಶಿಲುಬೆ ಇರುತ್ತದೆ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಾಡು ಕೇಳುತ್ತದೆ. ಡಿಗ್ರಿ ಮುಗಿಸಿದ ಹುಡುಗಿ ಅದಕ್ಕೆ ಬೆದರುವವಳಲ್ಲ.

ಈಗ ನಿಮ್ಮ ಪ್ರಶ್ನೆ, ಸೇವೆಗೆ ಡಿಗ್ರಿ ಯಾಕೆ. ನಿಮ್ಮ ಸೀಮೆಯದೇ ಒಂದು ಸಂಗತಿ ತೆಗೆದುಕೊಳ್ಳೋಣ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯೊಬ್ಬಳ ಹೆಸರಿನ ಮುಂದೆ ಸಾಲಾಗಿ ಗೈರು. ಒಳ್ಳೆಯ ಮನಸ್ಸಿನವರು ಹೋಗಿ ತಾಯಿಗೆ ಬುದ್ಧಿ ಹೇಳಿ, ಒಂದು ನೋಟ್‌ಬುಕ್ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ. ಮಾರನೇ ದಿನ ಹುಡುಗಿ ಮತ್ತೆ ಹೊಲದಲ್ಲಿ. ಕೆಲಸ ಕಲಿತವಳು ಮೊದಲು ಬುದ್ಧಿ ಹೇಳುವುದಿಲ್ಲ, ಕೇಳುತ್ತಾಳೆ. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರಾ? ಚಿಕ್ಕ ಕೂಸನ್ನು ನೋಡಿಕೊಳ್ಳುವವರು ಯಾರು? ಅಂಗನವಾಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಉದ್ಯೋಗ ಖಾತ್ರಿಯ ಕೂಲಿ ಬಾಕಿ ಇದೆಯಾ? ಗುಳೆ ಹೋದ ಅಪ್ಪ ಹಣ ಕಳಿಸುತ್ತಾನಾ? ಉತ್ತರ ಸಿಕ್ಕ ಮೇಲೆ ಪಂಚಾಯ್ತಿ, ಶಾಲೆ, ಸ್ವಸಹಾಯ ಸಂಘ, ಈ ಮೂರನ್ನೂ ಒಂದೇ ಮನೆಯ ಕಡೆಗೆ ತಿರುಗಿಸಬೇಕು. ಇದು ಕರುಣೆಯೊಂದರಿಂದ ಆಗುವ ಕೆಲಸವಲ್ಲ. ಕಲಿಯಬೇಕು, ಕಲಿಸುವವರು ಬೇಕು. ಅದಕ್ಕೇ ಎಂಎಸ್‌ಡಬ್ಲ್ಯೂ ಎಂಬ ಈ ಸಮಾಜಕಾರ್ಯದ ಕೋರ್ಸಿನಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್ ಇರುತ್ತದೆ.

ಈ ಕಲಿಕೆಗೂ ಕ್ರೈಸ್ತರಿಗೂ ನಂಟು ಹಳೆಯದು. 1936ರಲ್ಲಿ ಮುಂಬೈಯಲ್ಲಿ ಟಾಟಾ ಟ್ರಸ್ಟ್ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಕ್ಲಿಫರ್ಡ್ ಮಾನ್ಷರ್ಟ್ ಎಂಬ ಅಮೆರಿಕದ ಮಿಷನರಿ. ನೀವು ಕಾಲೇಜಿನ ಹೆಸರು ಬರೆದಿಲ್ಲ. ಮಂಗಳೂರಿನ ಸಿಸ್ಟರ್‌ಗಳದು, ಎಂಎಸ್‌ಡಬ್ಲ್ಯೂ ಎಂದರೆ ಬಹುಶಃ 1960ರಲ್ಲಿ ಶುರುವಾದ ರೋಶನಿ ನಿಲಯ ಇರಬೇಕು. ಕ್ರೈಸ್ತ ಕಾಲೇಜಿನ ಓದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನನಗೆ ತಟ್ಟನೆ ನೆನಪಾಗುವುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ರಜನಿಕಾಂತ್ ಮತ್ತು ಮೇಬಲ್ ಆರೊಳೆ ಎಂಬ ವೈದ್ಯ ದಂಪತಿ. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು, ಅವರು 1970ರಲ್ಲಿ ನೆಲೆ ನಿಂತದ್ದು ಮಹಾರಾಷ್ಟ್ರದ ಬರದ ಊರಾದ ಜಾಮಖೇಡದಲ್ಲಿ. ಆಸ್ಪತ್ರೆಯ ಹಾಸಿಗೆ ಹೆಚ್ಚಿಸಿದರೆ ರೋಗ ಕಡಿಮೆಯಾಗದು ಎಂದು ಕಂಡು, ಹಳ್ಳಿಯ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದರು. ಅವರಲ್ಲಿ ದಲಿತರು, ಓದು ಬಾರದವರು ಬಹಳ. ಈಗ ಜಗತ್ತಿನ ಹಲವು ದೇಶಗಳವರು ಆ ಹೆಂಗಸರಿಂದ ಕಲಿಯಲು ಜಾಮಖೇಡಕ್ಕೆ ಬರುತ್ತಾರೆ. ಬೇರೆ ದೇಶದ ಬಡವರ ಬಗ್ಗೆ ಕನಸು ಕಾಣುವ ನಿಮ್ಮ ಮಗಳು ಈ ಕಥೆ ತಿಳಿದಿರಬೇಕು.

ಸಂಬಳದ ಮಾತಿಗೆ ಬರುತ್ತೇನೆ. ಇಲ್ಲಿ ನಿಮಗೆ ಸಿಹಿ ಮಾತು ಹೇಳಲಾರೆ. ವಿದೇಶಿ ಹಣದಲ್ಲಿ ನಡೆಯುವ ಸಂಸ್ಥೆಗಳ ಕೆಲಸ ಬಹುಪಾಲು ವರ್ಷದ ಗುತ್ತಿಗೆ, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಚಿಕ್ಕ ಸಂಸ್ಥೆಗೆ ಹಂಚುವುದೂ ನಿಂತಿತು. ಇದರ ಪೆಟ್ಟು ಹೆಚ್ಚು ಬಿದ್ದದ್ದು ಹಳ್ಳಿಗಾಡಿನ ಚಿಕ್ಕ ಸಂಸ್ಥೆಗಳಿಗೆ. ಆದರೆ ಎಂಎಸ್‌ಡಬ್ಲ್ಯೂಗೆ ಅದೊಂದೇ ಬಾಗಿಲಲ್ಲ. ದೊಡ್ಡ ಕಾರ್ಖಾನೆಗಳು ಕಲ್ಯಾಣಾಧಿಕಾರಿಯನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮ 1948ರಿಂದ ಇದೆ, ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ನಿಮಗೆ ದೂರವೂ ಅಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು, ಅದನ್ನು ನೋಡಿಕೊಳ್ಳಲು ಜನ ಬೇಕು. ಆಸ್ಪತ್ರೆಗಳಲ್ಲಿ, ಮಕ್ಕಳ ರಕ್ಷಣಾ ಘಟಕಗಳಲ್ಲಿ ಹುದ್ದೆಗಳಿವೆ. 371 ಜೆ ಕಳೆದುಹೋಗುತ್ತದೆ ಎಂಬ ಚಿಂತೆ ಬಿಡಿ. ಇಲ್ಲೇ ಹುಟ್ಟಿದವಳಿಗೆ ಎರಡು ವರ್ಷ ಮಂಗಳೂರಿನಲ್ಲಿ ಓದಿದ ಮಾತ್ರಕ್ಕೆ ಆ ಹಕ್ಕು ತಪ್ಪದು. ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪತ್ರ ಈಗಲೇ ಮಾಡಿಸಿಡಿ.

ನನ್ನ ತೀರ್ಮಾನ ಕಳಿಸಿ ಎಂದೇ. ಆದರೆ ಹೆಸರು ನೋಡಿ ಮರುಳಾಗಬೇಡಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೂ ಎಂಎಸ್‌ಡಬ್ಲ್ಯೂ ಇದೆ, ಹಾಸ್ಟೆಲ್ ಖರ್ಚು ಉಳಿಯುತ್ತದೆ. ಎರಡೂ ಕಡೆ ಮಗಳ ಜೊತೆ ನೀವೇ ಹೋಗಿ. ಫೀಲ್ಡ್‌ವರ್ಕಿಗೆ ಎಲ್ಲಿಗೆ ಕಳಿಸುತ್ತೀರಿ, ಜೊತೆಗೆ ಮೇಷ್ಟ್ರು ಬರುತ್ತಾರಾ, ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಸಾಧ್ಯವಾದರೆ ಓದಿ ಹೊರಬಂದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಈ ಓದಿಗಾಗಿ ಹೊಲ ಮಾತ್ರ ಅಡ ಇಡಬೇಡಿ, ಮೊದಲ ವರ್ಷಗಳ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ.

ಮಗಳಿಗೂ ಒಂದು ಮಾತು. ಸೇವೆ ಎಂದ ಮಾತ್ರಕ್ಕೆ ಸಂಬಳ ಕೇಳಲು ನಾಚಬೇಡಮ್ಮ. ಸೇವಾಭಾವದ ಹೆಸರು ಹೇಳಿ ಅರ್ಧ ಕೂಲಿಗೆ ದುಡಿಸುವವರು ಎಲ್ಲ ಮತದಲ್ಲೂ ಇದ್ದಾರೆ. ಮೊದಲ ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ, ಪಿಎಫ್ ಎರಡನ್ನೂ ಕೇಳಿ ಪಡೆ.