ಅಗಸೆ ದಾಟಲು ಬಿಡದ ಆಟ

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನದೊಳಗೆ ದುಡ್ಡು ವಾಪಸು ಕೇಳಬಹುದು. ಆಡಿದ ಹೊತ್ತು ಮಾತ್ರ 2 ಗಂಟೆ ದಾಟಿರಬಾರದು. 2015ರಿಂದ ಇರುವ ನಿಯಮ ಇದು. ಆಟಗಾರ ಮನಬಂದಲ್ಲಿ ತಿರುಗಬಹುದಾದ ಓಪನ್ ವರ್ಲ್ಡ್ ಆಟ ಕಟ್ಟಲು ಹೊರಟವರಿಗೆ ಇದಕ್ಕಿಂತ ಖಡಕ್ ಪರೀಕ್ಷಕ ಬೇರೆ ಬೇಕಿಲ್ಲ. ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆದರೆ, ಮ್ಯಾಪ್ ಎಷ್ಟು ದೊಡ್ಡದಿದ್ದರೇನು, ಅದನ್ನು ತೋರಿಸಲು ಉಳಿಯುವುದು ಒಂದೂಕಾಲು ಗಂಟೆ. ಪುಣೆಯ ಹಿಂಜವಾಡಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನರ್ ಆಗಿದ್ದ ಈ ಲೇಖಕ ಮೀಟಿಂಗಿನಲ್ಲಿ ಈ ಲೆಕ್ಕ ಒಪ್ಪಿಸಿದಾಗ ನಿರ್ಮಾಪಕ ಮಹಾಶಯರು ಚಹಾದ ಕಪ್ಪಿನಿಂದ ತಲೆ ಎತ್ತಲಿಲ್ಲ. "ನಮ್ಮ ಆಟ ಯಾರೂ ವಾಪಸು ಕೊಡುವಂಥದ್ದಲ್ಲ" ಎಂದಷ್ಟೇ ಹೇಳಿ ಮುಂದಿನ ವಿಷಯಕ್ಕೆ ಹೋದರು.

ಹಿಂಜವಾಡಿ ಎಂದರೆ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್. ಇನ್ಫೋಸಿಸ್, ವಿಪ್ರೋಗಳ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡವರ ಊರು. ಅಲ್ಲಿ "ಗೇಮ್ ಮಾಡುತ್ತೇನೆ" ಎಂದರೆ ಆನ್‌ಲೈನ್ ರಮ್ಮಿ ಕಂಪನಿ ಎಂದುಕೊಳ್ಳುವವರೇ ಹೆಚ್ಚು. ಪುಣೆಗೆ ಈ ಕಸುಬು ಹೊಸದೇನಲ್ಲ. ಯೂಬಿಸಾಫ್ಟ್ 2008ರಲ್ಲೇ ಇಲ್ಲಿ ಸ್ಟುಡಿಯೋ ತೆರೆದಿದೆ. ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆ 'ರಾಜಿ'ಯನ್ನು ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ 2020ರಲ್ಲಿ ಇಲ್ಲಿಂದಲೇ ಹೊರತಂದಿತು. ಸೂಪರ್‌ಗೇಮಿಂಗ್‌ನ 'ಇಂಡಸ್' 2024ರಲ್ಲಿ ಬಂತು. ಈ ಎರಡು ಆಟಗಳಲ್ಲಿ ಮೊದಲನೆಯದು ನೇರ ದಾರಿಯ ಕಥೆ, ಎರಡನೆಯದು ಗುಂಡಿನ ಕಾಳಗ. ಕಥೆಯೂ ಬೇಕು, ಆಟಗಾರ ಕಂಡಕಂಡಲ್ಲಿ ತಿರುಗಲೂಬೇಕು ಎಂಬ ಎರಡು ದೋಣಿಯ ಸವಾರಿಗೆ ಕೈಹಾಕಿದ್ದು ನಮ್ಮ ಸ್ಟುಡಿಯೋ.

ಆಟದ ಕಲ್ಪನೆ ಚೆನ್ನಾಗಿಯೇ ಇತ್ತು. ಆದಿಲಶಾಹಿ ಕಾಲದ ಬಿಜಾಪುರ ಸೀಮೆ, ಕೃಷ್ಣೆಯಿಂದ ಭೀಮೆಯವರೆಗಿನ ಬಯಲು, ಕಾಗದ ಹೊತ್ತು ಓಡುವ ಒಬ್ಬ ಹರಿಕಾರ. ಯಾರಿಗೆ ಕಾಗದ ಮುಟ್ಟಿಸಬೇಕು, ಯಾರದನ್ನು ಒಡೆದು ಓದಬೇಕು, ಯಾವ ದಾರಿ ಹಿಡಿಯಬೇಕು, ಎಲ್ಲ ಆಟಗಾರನಿಗೆ ಬಿಟ್ಟದ್ದು. ಬಾಗಲಕೋಟೆ ಕಡೆಯವನಾದ ಈ ಲೇಖಕನಿಗೆ ಆ ನೆಲ, ಆ ಕಲ್ಲಿನ ಮನೆ, ಆ ಬನ್ನಿಗಿಡ ಕಣ್ಣು ಮುಚ್ಚಿದರೂ ಕಾಣುವಂಥವು. ಆದರೆ ನಿರ್ಮಾಪಕರು ಬಂದದ್ದು ಜಾಹೀರಾತು ಚಿತ್ರಗಳಿಂದ. ಅವರಿಗೆ ಮೊದಲು ಬೇಕಾದದ್ದು ಕಣ್ಣೀರು. ಅಜ್ಜ ಮೊಮ್ಮಗನಿಗೆ ಮನೆತನದ ಕಥೆ ಹೇಳಬೇಕು, ಗರಡಿಮನೆಯಲ್ಲಿ ಪಟ್ಟು ಕಲಿಸಬೇಕು, ಅಕ್ಕನ ಮದುವೆ ಆಗಬೇಕು, ಆ ರಾತ್ರಿಯೇ ದಾಳಿ ನಡೆದು ಅಜ್ಜ ಸಾಯಬೇಕು. ಅಲ್ಲಿಯವರೆಗೆ ಊರ ಅಗಸೆ ಬಾಗಿಲು ಬಂದ್. ಆಟಗಾರ ಹತ್ತಿರ ಹೋದರೆ ಪರದೆಯ ನಡುವೆ ಒಂದು ಸಾಲು ಮೂಡುತ್ತಿತ್ತು: "ಇನ್ನೂ ಸಮಯ ಬಂದಿಲ್ಲ."

ಎದುರಾಡಿದಾಗೆಲ್ಲ ಅವರ ಕೈಯಲ್ಲಿ ಒಂದೇ ಅಸ್ತ್ರ: 'ರೆಡ್ ಡೆಡ್ ರಿಡೆಂಪ್ಷನ್ 2'. ಒಪ್ಪತಕ್ಕ ಮಾತೇ. 2018ರ ಆ ಆಟ ನಾಯಕ ಆರ್ಥರ್ ಮಾರ್ಗನ್‌ನನ್ನು ಹಿಮದ ಬೆಟ್ಟದಲ್ಲಿ ಸುಮಾರು ಎರಡು ಗಂಟೆ ಕಟ್ಟಿಹಾಕಿ, ಆಮೇಲೆ ಹಸಿರು ಬಯಲಿಗೆ ಬಿಡುತ್ತದೆ. ಅದರಲ್ಲಿ ನಮ್ಮ ನಾಡಿನ ಬೆವರೂ ಇದೆ. ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೋ ಆ ಆಟಕ್ಕೆ ದುಡಿದಿತ್ತು. ಆದರೆ ರಾಕ್‌ಸ್ಟಾರ್ ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಂಡವನು ಹಿಮದಲ್ಲಿ ಎರಡು ಗಂಟೆ ಕಾಯುತ್ತಾನೆ, ಏಕೆಂದರೆ ಮುಂದೇನಿದೆ ಎಂದು ಅವನಿಗೆ ಗೊತ್ತು. ಹಿಂಜವಾಡಿಯ ಹೆಸರಿಲ್ಲದ ತಂಡಕ್ಕೆ ಆ ಸಾಲ ಯಾರು ಕೊಡುತ್ತಾರೆ? ಅಷ್ಟಕ್ಕೂ ಅದೇ ರಾಕ್‌ಸ್ಟಾರ್ 2004ರ 'ಸ್ಯಾನ್ ಆಂಡ್ರಿಯಾಸ್'ನಲ್ಲಿ ಮಾಡಿದ್ದೇನು? ವಿಮಾನ ನಿಲ್ದಾಣದಿಂದ ಬಂದ ನಾಯಕ ಸಿಜೆಯನ್ನು ಪೊಲೀಸರು ಒಂದು ಗಲ್ಲಿಯಲ್ಲಿ ತಳ್ಳಿ ಹೋಗುತ್ತಾರೆ, ಪಕ್ಕದಲ್ಲೊಂದು ಸೈಕಲ್ ಇರುತ್ತದೆ. ಮನೆಗೆ ಹೋಗು ಎಂದು ಆಟ ಹೇಳುತ್ತದೆ. ಹೋಗದೆ ಊರೆಲ್ಲ ಸುತ್ತಿದರೆ ಬೇಡವೆನ್ನುವುದಿಲ್ಲ. ಊರು ಬಿಟ್ಟು ಆಚೆಯ ಸೀಮೆಗೆ ಕಾಲಿಟ್ಟರೆ ಮಾತ್ರ ನಾಲ್ಕು ಸ್ಟಾರಿನ ಪೊಲೀಸರು ಬೆನ್ನು ಹತ್ತುತ್ತಾರೆ. ಸೈಬರ್ ಕೆಫೆಗಳಲ್ಲಿ ಅದನ್ನಾಡಿ ಬೆಳೆದ ನಮ್ಮ ಪೀಳಿಗೆಯ ಎಷ್ಟೋ ಹುಡುಗರು ಮೊದಲ ಮಿಷನ್ನನ್ನೇ ಮುಗಿಸದೆ ವಾರಗಟ್ಟಲೆ ಆಡಿದವರು. ಅವರ್ಯಾರೂ ಬೇಸರಪಟ್ಟ ನೆನಪಿಲ್ಲ.

ಹೊರಗಿನವರಿಂದ ಆಡಿಸಿ ನೋಡುವ ಪ್ಲೇಟೆಸ್ಟ್ ದಿನ ಬಂತು. ಜುಲೈ ತಿಂಗಳ ಜಡಿಮಳೆ. ದುಡ್ಡು ಹಾಕಲಿದ್ದ ಪಬ್ಲಿಷರ್ ಕಡೆಯ ಹೆಣ್ಣುಮಗಳು ಮುಂಬಯಿಯಿಂದ ಹೊರಟು ಭೂಮ್ಕರ್ ಚೌಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಒಳಬರುವಾಗಲೇ ಮುಖ ಬಿಗಿದುಕೊಂಡಿದ್ದಳು. ವಾಕಡ್‌ನ ಪಿಜಿಯಿಂದ ಕರೆತಂದ ಇಂಜಿನಿಯರಿಂಗ್ ಹುಡುಗರು ಸಾಲಾಗಿ ಕೂತರು. ಅವರಲ್ಲೊಬ್ಬ ಇಂಡಿ ತಾಲೂಕಿನವನು. ಕನ್ನಡ ಕೇಳಿದ್ದೇ ತಡ, ಈ ಲೇಖಕನನ್ನು ಅಣ್ಣಾ ಎನ್ನತೊಡಗಿದ್ದ.

ಅಜ್ಜ ಮಾತು ಶುರುಮಾಡಿದ. ಹುಡುಗ ಸ್ಕಿಪ್ ಬಟನ್ ಒತ್ತಿದ. ಅದು ಕೆಲಸ ಮಾಡದು. ತೆಗೆಸಿದ್ದು ಯಾರೆಂದು ಹೇಳಬೇಕಿಲ್ಲವಷ್ಟೆ. "ಅಣ್ಣಾ, ಈ ಅಜ್ಜಾ ಎಷ್ಟ ಮಾತಾಡ್ತಾನ್ರಿ?" ಎಂದ. ಉತ್ತರ ಕೊಡುವಂತಿಲ್ಲ, ಪ್ಲೇಟೆಸ್ಟಿನಲ್ಲಿ ಡಿಸೈನರ್ ಬಾಯಿ ಬಿಡಬಾರದು. ಅಜ್ಜ ಗರಡಿಮನೆಗೆ ಬಾ ಎಂದ. ಹುಡುಗ ಅಗಸೆಗೆ ಹೋದ. "ಇನ್ನೂ ಸಮಯ ಬಂದಿಲ್ಲ." ಗರಡಿಮನೆಯತ್ತ ಅರ್ಧ ದಾರಿ ನಡೆದವನು ತಿರುಗಿ ಮತ್ತೆ ಅಗಸೆಗೆ ಬಂದ. ಬಾಗಿಲಿಗೆ ಗುದ್ದಿದ, ಒದ್ದ. ಅದೇ ಸಾಲು. ಆಗ ಅವನ ಕಣ್ಣು ದನದ ಕೊಟ್ಟಿಗೆಯ ಪಕ್ಕದ ಬಣವೆಗೆ ಬಿತ್ತು. ಬಣವೆ ಹತ್ತಿ, ಕೊಟ್ಟಿಗೆಯ ಮಾಳಿಗೆಗೆ ನೆಗೆದು, ಅಲ್ಲಿಂದ ಊರಗೋಡೆಯ ಮೇಲೆ ನಿಂತ. ಮದುವೆ ಮುಗಿಯುವ ತನಕ ಗೋಡೆಯಾಚೆ ಯಾರೂ ಬರುವುದಿಲ್ಲವೆಂದು ಅಲ್ಲಿನ ನೆಲವನ್ನು ಲೋಡ್ ಮಾಡುತ್ತಲೇ ಇರಲಿಲ್ಲ. ದೂರದಿಂದ ಕಾಣುವ ಬಯಲಿನ ಚಿತ್ರವಿತ್ತು, ಕಾಲು ಊರುವ ನೆಲವಿರಲಿಲ್ಲ.

ಹಾರಿದ.

ಬಿದ್ದೇ ಬಿದ್ದ. ಬಯಲನ್ನು ತೂರಿಕೊಂಡು ಕೆಳಗೆ, ಬೂದುಬಣ್ಣದ ಶೂನ್ಯದಲ್ಲಿ. ಊರು ತಲೆಯ ಮೇಲೆ ಚಿಕ್ಕದಾಗುತ್ತ ಹೋಯಿತು, ಮನೆಗಳ ತಳ ಕಂಡಿತು. ಧ್ವನಿ ಮಾತ್ರ ನಿಂತಿರಲಿಲ್ಲ. ಗರಡಿಮನೆಯಲ್ಲಿ ಆಡಬೇಕಿದ್ದ ಮಾತನ್ನು ಅಜ್ಜ ಪಾತಾಳದಲ್ಲೂ ಬಿಡದೆ ಆಡುತ್ತಿದ್ದ: "ತಾಳ್ಮೆ ಕಲಿ ಮಗಾ, ತಾಳ್ಮೆ." ಹುಡುಗ ಕುರ್ಚಿಯಿಂದ ಜಾರುವಷ್ಟು ನಕ್ಕ. ಉಳಿದವರು ತಮ್ಮ ಆಟ ಬಿಟ್ಟು ಅವನ ಹಿಂದೆ ಬಂದು ನಿಂತರು. ಆಮೇಲೆ ಒಬ್ಬೊಬ್ಬರೂ ತಮ್ಮ ಕುರ್ಚಿಗೆ ಮರಳಿ, ಬಣವೆ ಹತ್ತಿ, ಗೋಡೆ ಹಾರಿ ಬೀಳತೊಡಗಿದರು. ಇಡೀ ಕೋಣೆಯಲ್ಲಿ ಬೇರೆಬೇರೆ ಹೊತ್ತಿಗೆ ಅದೇ ಅಜ್ಜನ ತಾಳ್ಮೆಯ ಉಪದೇಶ. ಮುಂಬಯಿಯಿಂದ ಬಂದ ಹೆಣ್ಣುಮಗಳು ನಗಲಿಲ್ಲ. ಏನೋ ಟೈಪ್ ಮಾಡಿಕೊಂಡಳು. ನಿರ್ಮಾಪಕರು ಈ ಲೇಖಕನ ಭುಜದ ಬಳಿ ಬಾಗಿ ಪಿಸುಗುಟ್ಟಿದರು: "ಗೋಡೆ ಎತ್ತರಿಸು. ಬಣವೆ ತೆಗಿ."

ಆ ಕೋಣೆಯಲ್ಲಿ ಅಂದು ನಡೆದದ್ದು ಬಗ್ ಒಂದೇ ಅಲ್ಲ. ಹುಡುಗರು ಬೇಸತ್ತು ಎದ್ದುಹೋಗಲಿಲ್ಲ. ಹೊರಗೆ ಹೋಗುವುದು ಹೇಗೆಂಬುದನ್ನೇ ಆಟ ಮಾಡಿಕೊಂಡರು. ಅಷ್ಟು ಹೊತ್ತಿನಲ್ಲಿ ಅವರು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸ ಅದು, ಅದನ್ನು ಕೊಟ್ಟದ್ದು ನಮ್ಮ ಕಥೆಯಲ್ಲ, ಒಂದು ಬಣವೆ. ಈ ಲೇಖಕ ಗೋಡೆ ಎತ್ತರಿಸಲು ಒಪ್ಪಲಿಲ್ಲ. ಬೇರೊಬ್ಬನ ಕೈಯಲ್ಲಿ ಎತ್ತರಿಸಲಾಯಿತು. ಮುಂದಿನ ಪ್ಲೇಟೆಸ್ಟಿನಲ್ಲಿ ಯಾರೂ ಬೀಳಲಿಲ್ಲ. ಅಜ್ಜ ಮಾತಾಡುವಾಗ ಎಲ್ಲರೂ ಮೊಬೈಲು ನೋಡುತ್ತಿದ್ದರು.

ಬೇಲಿಯೇ ಬೇಡವೆಂಬುದು ಈ ಲೇಖಕನ ವಾದ ಆಗಲೂ ಆಗಿರಲಿಲ್ಲ. ಬೇಲಿ ಪರದೆಯ ಮೇಲಿನ ಸಾಲಾಗಬಾರದು, ನೆಲದಲ್ಲಿರಬೇಕು ಎಂಬುದಷ್ಟೇ. 2017ರ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ನೋಡಿ. ನಾಯಕ ಲಿಂಕ್ ಗುಹೆಯಿಂದ ಹೊರಬಂದ ಕೂಡಲೇ ಇಡೀ ಹೈರೂಲ್ ರಾಜ್ಯ ಕಣ್ಣೆದುರು ಹರಡಿಕೊಳ್ಳುತ್ತದೆ. ಆದರೆ ಅವನು ನಿಂತಿರುವುದು ಸುತ್ತಲೂ ಕಡಿದಾದ ಪ್ರಪಾತವಿರುವ ಪ್ರಸ್ಥಭೂಮಿಯ ಮೇಲೆ. ಇಳಿಯಲು ಪ್ಯಾರಾಗ್ಲೈಡರ್ ಬೇಕು, ಅದು ಅಲ್ಲಿರುವ ಒಬ್ಬ ಮುದುಕನ ಹತ್ತಿರ ಇದೆ. ನಾಲ್ಕು ಗುಡಿಗಳ ಒಗಟು ಬಿಡಿಸಿದರೆ ಕೊಡುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವನು ಕೇಳುವುದಿಲ್ಲ. ಇದೂ ಪೀಠಿಕೆಯೇ, ಚಿಕ್ಕದೂ ಅಲ್ಲ. ಆದರೂ ಕಟ್ಟಿಹಾಕಿದರೆಂದು ಯಾರಿಗೂ ಅನಿಸುವುದಿಲ್ಲ. ಪ್ಯಾರಾಗ್ಲೈಡರ್ ಸಿಕ್ಕ ಮೇಲೆ ನೇರವಾಗಿ ಕೊನೆಯ ವೈರಿಯ ಕೋಟೆಗೇ ಹೋಗುತ್ತೇನೆಂದರೂ ಸರಿ, ಸಾಯುವುದು ನಿಮ್ಮ ಹಣೆಬರಹ.

2010ರ 'ಫಾಲ್‌ಔಟ್: ನ್ಯೂ ವೇಗಸ್' ಇನ್ನೂ ಜಾಣ ಆಟ. ಗುಡ್‌ಸ್ಪ್ರಿಂಗ್ಸ್ ಊರಿನಿಂದ ಹೊರಬಿದ್ದರೆ ಉತ್ತರಕ್ಕೆ ವೇಗಸ್ ಹತ್ತಿರ. ಆದರೆ ಆ ದಾರಿಯ ಕಲ್ಲುಗಣಿಯಲ್ಲಿ ಡೆತ್‌ಕ್ಲಾ ಎಂಬ ಪ್ರಾಣಿಗಳಿವೆ, ಒಂದೇ ಪೆಟ್ಟಿಗೆ ಸೀಳುತ್ತವೆ. ಹೆಚ್ಚಿನವರು ಸತ್ತು ಬುದ್ಧಿ ಕಲಿತು ದಕ್ಷಿಣಕ್ಕೆ ಸುತ್ತಿ, ಪ್ರಿಮ್, ನಿಪ್ಟನ್, ನೊವಾಕ್ ಮೂಲಕ ಕಥೆ ಇಟ್ಟ ದಾರಿಯಲ್ಲೇ ಬರುತ್ತಾರೆ. ಹಟಮಾರಿಗಳು ಕತ್ತಲಲ್ಲಿ ತೆವಳಿಕೊಂಡು ಉತ್ತರದಿಂದಲೇ ದಾಟುತ್ತಾರೆ. ಇಬ್ಬರಿಗೂ ತಾವೇ ದಾರಿ ಆರಿಸಿಕೊಂಡ ಹೆಮ್ಮೆ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲೂ ಹೀಗೇ ತಾನೆ? ಕಥೆ ಊರಿಗೆಲ್ಲ ಗೊತ್ತು, ಗೊಲ್ಲತಿ–ಭಾಗವತರ ಮಾತು ಮಾತ್ರ ಇವತ್ತಿನದು ನಾಳೆಗಿಲ್ಲ.

ತಮಾಷೆಯೆಂದರೆ ಒಬ್ಬನೇ ನಿರ್ದೇಶಕ ಎರಡೂ ತುದಿಗಳನ್ನು ಮುಟ್ಟಿದ ಉದಾಹರಣೆಯೂ ಇದೆ. ಅಲೆಕ್ಸ್ ಹಚಿನ್ಸನ್ 2012ರಲ್ಲಿ ಮಾಡಿದ 'ಅಸ್ಯಾಸಿನ್ಸ್ ಕ್ರೀಡ್ 3'ರಲ್ಲಿ ಡಬ್ಬಿಯ ಮೇಲಿನ ನಾಯಕ ಕಾನರ್ ಕೈಗೆ ಸಿಗುವ ಮುನ್ನ ಗಂಟೆಗಟ್ಟಲೆ ಅವನ ಅಪ್ಪನಾಗಿ ಆಡಬೇಕು. ಆಟಗಾರರು ಬೈದರು. ಎರಡು ವರ್ಷದ ಬಳಿಕ ಅವನದೇ 'ಫಾರ್ ಕ್ರೈ 4' ಬಂತು. ಶುರುವಿನಲ್ಲೇ ಖಳನಾಯಕ ಊಟದ ಮೇಜಿನಲ್ಲಿ ಕೂರಿಸಿ, ಇಲ್ಲೇ ಇರು, ಬರುತ್ತೇನೆ ಎಂದು ಹೋಗುತ್ತಾನೆ. ಎಲ್ಲರೂ ತಪ್ಪಿಸಿಕೊಂಡು ಓಡುತ್ತಾರೆ, ಆಟ ಅಲ್ಲಿಂದ ಬೆಳೆಯುತ್ತದೆ. ಓಡದೆ ಕಾಲು ಗಂಟೆ ಸುಮ್ಮನೆ ಕೂತರೆ? ಅವನು ಹೇಳಿದಂತೆ ವಾಪಸು ಬಂದು, ನಾಯಕನ ತಾಯಿಯ ಚಿತಾಭಸ್ಮ ಇಡಬೇಕಾದ ಕಡೆಗೆ ಕರೆದೊಯ್ಯುತ್ತಾನೆ, ಆಟ ಮುಗಿಯುತ್ತದೆ. ನಮ್ಮ ನಿರ್ಮಾಪಕರಿಗೆ ಇದನ್ನು ತೋರಿಸಿದಾಗ "ಅಂಥ ಕೂತಲ್ಲೇ ಮುಗಿಯುವ ಆಟಕ್ಕೆ ದುಡ್ಡು ಯಾರು ಕೊಡುತ್ತಾರೆ" ಎಂದರು. ಅವರಿಗೆ ವಾದದ ಅರ್ಧ ಮಾತ್ರ ಕೇಳಿಸುತ್ತಿತ್ತು.

ಕಡೆಗೆ, ಹೇಳಿಸಿಕೊಳ್ಳದೆಯೇ, ರಾತ್ರಿ ಹೊತ್ತು ಈ ಲೇಖಕ ಬೇರೊಂದು ಬಿಲ್ಡ್ ಮಾಡಿದ. ಅಗಸೆ ತೆರೆದೇ ಇತ್ತು, ಊರನ್ನು ಕೃಷ್ಣೆಯ ನಡುಗಡ್ಡೆಗೆ ಎತ್ತಿಟ್ಟದ್ದಾಗಿತ್ತು. ಮಳೆಗಾಲ, ಹೊಳೆ ತುಂಬಿ ಹರಿಯುತ್ತಿದೆ. ಈಜಲು ನೋಡಿದರೆ ಸೆಳವು ತಂದು ಮತ್ತೆ ದಂಡೆಗೇ ಎಸೆಯುತ್ತದೆ. ಆಚೆ ದಡದ ಕೋಟೆಯ ದೀಪ ಕಾಣುತ್ತದೆ. ದಾಟಲು ಹರಿಗೋಲು ಬೇಕು. ಅಂಬಿಗನಿಗೆ ಚರ್ಮ ಬೇಕು, ಬಿದಿರು ಬೇಕು, ಹುಟ್ಟು ಬೇಕು. ಬೇಡಿ ತರಬಹುದು, ಕದಿಯಬಹುದು, ಗರಡಿಯಲ್ಲಿ ಗೆದ್ದೂ ತರಬಹುದು. ಅಜ್ಜನ ಕಥೆ ಪೂರ್ತಿ ಉಳಿಯಿತು, ಆದರೆ ಅವನು ಜೊತೆಯಲ್ಲಿ ನಡೆಯುತ್ತ ಹೇಳುತ್ತಾನೆ. ಬಿಟ್ಟು ಮುಂದೆ ಓಡಿದರೆ ಹಿಂದಿನಿಂದ ಬೈಯುತ್ತಾನೆ. ಇಂಡಿಯ ಹುಡುಗ ಮತ್ತೆ ಬಂದು ಆಡಿದ. ಹುಟ್ಟನ್ನು ಕದ್ದ, ಸಿಕ್ಕಿಬಿದ್ದ, ಅಜ್ಜ ಬಂದು ಬಿಡಿಸಿದ. ಆಮೇಲೆ ತಾನಾಗಿಯೇ ಅಜ್ಜನ ಪಕ್ಕ ಹೆಜ್ಜೆ ನಿಧಾನ ಮಾಡಿ ನಡೆದ. "ಸ್ಕಿಪ್ ಎಲ್ಲೈತಿ?" ಎಂದು ಈ ಸಲ ಕೇಳಲಿಲ್ಲ.

ಬಿಟ್ಟುಬಿಟ್ಟರೆ ಸಾಕೆಂಬುದೂ ನಿಜವಲ್ಲ. 2014ರ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್'ನಲ್ಲಿ ಹಿಂಟರ್‌ಲ್ಯಾಂಡ್ಸ್ ಎಂಬ ಮೊದಲ ಸೀಮೆ ಎಷ್ಟು ವಿಸ್ತಾರವಾಗಿತ್ತೆಂದರೆ, ಜನ ಅಲ್ಲೇ ಸಣ್ಣಪುಟ್ಟ ಕೆಲಸ ಮಾಡುತ್ತ ಬೇಸತ್ತರು. ನಿರ್ದೇಶಕ ಮೈಕ್ ಲೇಡ್ಲಾ, ದಯವಿಟ್ಟು ಅಲ್ಲಿಂದ ಹೊರಡಿ ಎಂದು ಆಟಗಾರರಿಗೆ ಬಹಿರಂಗವಾಗಿ ಹೇಳಬೇಕಾಯಿತು. ಹಾಗಾಗಿ ಈ ದಾರಿಗೆ ಬರುವವರು ಮೊದಲ ಹತ್ತು ನಿಮಿಷದಲ್ಲಿ ಒಂದು ದೂರದ ಗುರಿಯನ್ನು ಕಣ್ಣಿಗೆ ಬೀಳಿಸಿ. ಸ್ಕಿಪ್ ಬಟನ್ ತೆಗೆಯಬೇಡಿ. ಗೋಡೆಯಾಚೆ ನೆಲ ಹಾಕಿ, ಯಾರೂ ಹೋಗುವುದಿಲ್ಲ ಎಂದವರ ಮಾತು ನಂಬಬೇಡಿ. ಪ್ಲೇಟೆಸ್ಟಿಗೆ ಗೆಳೆಯರನ್ನು ಕರೆಯದೆ ಅಪರಿಚಿತರನ್ನು ಕರೆಯಿರಿ. ಇನ್ನು, ಈ ಲೇಖಕನಿಗಿರುವಂತೆ ವಾಕಡ್‌ನಲ್ಲಿ ಸೋದರಮಾವ ಇದ್ದರೆ ಅವನಿಗೆ ಏನನ್ನೂ ಹೇಳಬೇಡಿ. "ಆಟದಾಗ ಅಗಸಿ ತಗದಿ, ಕಂಪನಿಯವರು ನಿನಗ ಅಗಸಿ ತೋರಸ್ತಾರ ನೋಡು" ಎಂದ ಅವನ ಮಾತು ಅರ್ಧ ಫಲಿಸಿತು.

ಇಂಡಿಯ ಹುಡುಗ ಹೊಸ ಬಿಲ್ಡ್ ಆಡುವಷ್ಟರಲ್ಲಿ ಪಬ್ಲಿಷರ್ ಹಿಂದೆ ಸರಿದಾಗಿತ್ತು. ಅವರು ನೋಡಿದ್ದು ಹಳೆಯ ಬಿಲ್ಡ್ ಒಂದನ್ನೇ, ಹೊಸದನ್ನು ಕಳಿಸುವುದು ಬೇಡವೆಂದು ನಿರ್ಮಾಪಕರೇ ತೀರ್ಮಾನಿಸಿದ್ದರು. ಸ್ಟುಡಿಯೋ ಈಗ ಹೊರದೇಶದ ಆಟಗಳಿಗೆ ಕಲ್ಲು, ಗಿಡ, ಬಂಡಿಚಕ್ರ ಮಾಡಿಕೊಡುತ್ತದೆ. ಈ ಲೇಖಕ ಬೆಂಗಳೂರಿಗೆ ಬಂದು ಅದೇ ಥರದ ಕೆಲಸದಲ್ಲಿದ್ದಾನೆ. ಹೋದ ವರ್ಷ ಡೆವಲಪರ್‌ಗಳ ಒಂದು ಕೂಟದಲ್ಲಿ ನಿರ್ಮಾಪಕ ಮಹಾಶಯರು ಹೊಳೆ, ಹರಿಗೋಲು, ಅಂಬಿಗನ ಚಿತ್ರಗಳನ್ನು ತೋರಿಸಿ, ಆಟಗಾರನ ಸ್ವಾತಂತ್ರ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದರಂತೆ. ಆ ಹರಿಗೋಲು ಯಾರದೆಂಬುದರ ಮೇಲ್‌ಗಳು ಇಲ್ಲಿ ಜೋಪಾನವಾಗಿವೆ, ತಾರೀಖಿನ ಸಮೇತ. ಕೇಳಿದವರಿಗೆ ಕಳಿಸಿಕೊಡಲಾಗುವುದು.