ಮೊಣಕಾಲಿನ ಶಸ್ತ್ರಚಿಕಿತ್ಸೆ: ಆಸ್ಪತ್ರೆ ಬಿಲ್ಲಿನ ಆಚೆಗೂ ಲೆಕ್ಕವಿದೆ



ನಮ್ಮ ವೈದ್ಯಕೀಯ ನೆರವು ನಿಧಿಗೆ ಮೊಣಕಾಲಿನ ಕೀಲು ಬದಲಾವಣೆಗಾಗಿಯೂ ಅರ್ಜಿಗಳು ಬರುತ್ತವೆ. ಆಸ್ಪತ್ರೆಯ ಅಂದಾಜು ಪತ್ರ ಜೊತೆಗಿರುತ್ತದೆ. ಮನೆಗೆ ಬಂದ ಮೇಲಿನ ಖರ್ಚಿನ ಮಾತೇ ಇರುವುದಿಲ್ಲ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಕ್ಕ ನೋಡಿದ ನಾನೂ ನನ್ನ ಪತ್ನಿಯ ಶಸ್ತ್ರಚಿಕಿತ್ಸೆಯಲ್ಲಿ ಇದೇ ತಪ್ಪು ಮಾಡಿದೆ.

ನಿರ್ಧಾರ ಯಾವಾಗ?
ಎಕ್ಸ್‌ರೇ ಒಂದನ್ನೇ ನೋಡಿ ನಿರ್ಧರಿಸಬಾರದು. ತೂಕ ಇಳಿಸುವುದು, ತೊಡೆಯ ಸ್ನಾಯುಗಳ ವ್ಯಾಯಾಮ, ಔಷಧಿ ಇವುಗಳಿಂದಲೂ ನೋವು ತಗ್ಗದೆ, ರಾತ್ರಿ ನಿದ್ದೆ ಕೆಟ್ಟು, ರೈಲು ನಿಲ್ದಾಣದ ಸೇತುವೆ ಹತ್ತುವುದೇ ಅಸಾಧ್ಯವಾದಾಗ ಯೋಚಿಸಬೇಕು. ಸಾಮಾನ್ಯವಾಗಿ ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ತರಲು ಸಮಯವಿರುತ್ತದೆ. ಎರಡೂ ಕಾಲು ಒಟ್ಟಿಗೇ ಆಗಬೇಕೆಂದೂ ಇಲ್ಲ. ಪ್ರಧಾನಿ ವಾಜಪೇಯಿಯವರಿಗೆ ನಮ್ಮ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ದ ಅಕ್ಟೋಬರ್‌ನಲ್ಲಿ ಒಂದು, 2001ರ ಜೂನ್‌ನಲ್ಲಿ ಇನ್ನೊಂದು ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು.

ಖರ್ಚು
2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಕೀಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು 54,720 ರೂ. ಮತ್ತು ಜಿಎಸ್‌ಟಿ, ಅದಕ್ಕೆ ಮುನ್ನ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಇಂದಿನ ಮಿತಿ ಎಷ್ಟೆಂದು ಕೇಳಿ, ಕೀಲಿನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಕೋಣೆ, ಶಸ್ತ್ರವೈದ್ಯರ ಶುಲ್ಕ ಈ ಮಿತಿಗೆ ಬರುವುದಿಲ್ಲ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳಲ್ಲಿ ಶೇ. 10 ಹಾಸಿಗೆಗಳು ಕಡುಬಡವರಿಗೆ ಉಚಿತ, ಇನ್ನು ಶೇ. 10 ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲು. ಆದಾಯದ ದಾಖಲೆ, ರೇಷನ್ ಕಾರ್ಡಿನೊಂದಿಗೆ ದಾಖಲಾಗುವ ಮೊದಲೇ ಅಲ್ಲಿನ ಸಮಾಜಸೇವಾ ವಿಭಾಗವನ್ನು ಕಾಣಿ.

ಮನೆಗೆ ಬಂದ ಮೇಲೆ
ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಬಿಲ್ಲು ಕಟ್ಟಿ ಕೈ ಖಾಲಿಯಾಗಿತ್ತು. ಫಿಸಿಯೋಥೆರಪಿಯವರನ್ನು ನಾಲ್ಕೇ ದಿನಕ್ಕೆ ನಿಲ್ಲಿಸಿದೆ. ನೋವೆಂದು ಪತ್ನಿ ಮೊಣಕಾಲಿನಡಿ ದಿಂಬಿಟ್ಟೇ ಮಲಗುತ್ತಿದ್ದಳು. ತಿಂಗಳಾಗುವಾಗ ಕಾಲು ಪೂರ್ತಿ ನೇರವಾಗುತ್ತಿರಲಿಲ್ಲ. ಅದನ್ನು ಸರಿಪಡಿಸಲು ಮತ್ತೆ ಮೂರು ತಿಂಗಳು ಹಿಡಿಯಿತು. ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು.

ಆದ್ದರಿಂದ ಈ ಮಾತುಗಳು ನೆನಪಿರಲಿ:
1. ಮೊದಲ ಆರು ವಾರ ವ್ಯಾಯಾಮ ತಪ್ಪಿಸಬೇಡಿ. ಮೊಣಕಾಲಿನಡಿ ದಿಂಬು ಬೇಡ.
2. ವಾಕರ್, ಎತ್ತರದ ಕಮೋಡ್ ಕುರ್ಚಿಯನ್ನು ಮೊದಲೇ ಹೊಂದಿಸಿಕೊಳ್ಳಿ.
3. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು.
4. ಮೀನಖಂಡದಲ್ಲಿ ಬಾವು-ನೋವು, ಜ್ವರ, ಗಾಯದಲ್ಲಿ ಕೀವು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಏದುಸಿರು, ಎದೆನೋವು ಬಂದರೆ ನೇರ ಆಸ್ಪತ್ರೆಗೆ ಹೋಗಿ.

ಅರ್ಜಿದಾರರು ಆರು ವಾರದ ಫಿಸಿಯೋಥೆರಪಿ ಖರ್ಚನ್ನೂ ಅರ್ಜಿಯಲ್ಲಿ ತೋರಿಸಬೇಕಾಗಿ ವಿನಂತಿ. ದಾನಿಗಳು ಅದಕ್ಕೂ ಕೈಜೋಡಿಸಬೇಕು. ಬಳಸಿ ಮೂಲೆಯಲ್ಲಿಟ್ಟ ವಾಕರ್ ನಿಮ್ಮಲ್ಲಿದ್ದರೆ ಸಂಘಕ್ಕೆ ಕೊಡಿ. ನಮ್ಮ ಮನೆಯದನ್ನು ಈಗಾಗಲೇ ತಲುಪಿಸಿದ್ದೇನೆ.