ಸೂತಕ ನಿರಾಕರಣೆಯೂ ಎಚ್.ಐ.ವಿ. ನಿವಾರಣೆಯೂ

ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದು ಸೂತಕಗಳು ಲಿಂಗಾಂಗಿಗೆ ಇಲ್ಲವೆಂಬುದು ವೀರಶೈವ ಧರ್ಮದ ಮೂಲ ನಿಶ್ಚಯಗಳಲ್ಲಿ ಒಂದು. ಇಷ್ಟಲಿಂಗವು ಸದಾ ಅಂಗದ ಮೇಲಿರುವಾಗ ಆ ಅಂಗವನ್ನು ಅಶುದ್ಧವೆನ್ನುವುದು ಲಿಂಗವನ್ನೇ ಅಶುದ್ಧವೆಂದಂತೆ ಎಂಬ ವಿಚಾರ ಇದಕ್ಕೆ ಆಧಾರವಾಗಿದೆ. ಬಾಣಂತಿಯು ಲಿಂಗಪೂಜೆಯನ್ನು ಬಿಡಬೇಕಾಗಿಲ್ಲ. ಮನೆಯಲ್ಲಿ ಸಾವು ಸಂಭವಿಸಿದ ದಿನವೂ ಪೂಜೆ ನಿಲ್ಲುವುದಿಲ್ಲ. ಕಲ್ಯಾಣದ ಶರಣರಿಗೆ ಇದು ಬರಿಯ ಸಿದ್ಧಾಂತವಾಗಿರಲಿಲ್ಲ. ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಕೈಯ ನೀರನ್ನು ಕುಡಿಯಬಹುದು, ಯಾರ ಪಕ್ಕದಲ್ಲಿ ಕುಳಿತುಕೊಳ್ಳಬಹುದು ಎಂಬ ನಿತ್ಯದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರವೇ ಸೂತಕ ನಿರಾಕರಣೆ.

ಈ ಐದನ್ನು ನಿರಾಕರಿಸಿದ ಮನೆಗಳಲ್ಲಿಯೇ ಕಳೆದ ನಾಲ್ಕು ದಶಕಗಳಿಂದ ಆರನೆಯದೊಂದು ಸೂತಕ ಸದ್ದಿಲ್ಲದೆ ಒಳಸೇರಿದೆ. ಎಚ್.ಐ.ವಿ. ಎಂಬ ರೋಗಾಣು ಸೋಂಕಿದವರ ತಟ್ಟೆ ಲೋಟಗಳನ್ನು ಬೇರೆಯಿಡುವುದು, ಅವರ ಹಾಸಿಗೆಯನ್ನು ಹಿತ್ತಿಲ ಕೋಣೆಗೆ ಸಾಗಿಸುವುದು, ಮದುವೆ ಗೃಹಪ್ರವೇಶಗಳಿಗೆ ಅವರನ್ನು ಕರೆಯದಿರುವುದು, ಕೊನೆಗೆ ಅವರ ಹೆಸರನ್ನೇ ಮನೆಯಲ್ಲಿ ಎತ್ತದಿರುವುದು ಈ ಸೂತಕದ ಲಕ್ಷಣಗಳು. ಇದರಿಂದ ರೋಗಿ ನೊಂದುಕೊಳ್ಳುವುದು ಒಂದು ಹಾನಿ. ಇದರಿಂದ ರೋಗವೂ ಹರಡುತ್ತದೆಂಬುದು ಅದಕ್ಕಿಂತ ದೊಡ್ಡ ಹಾನಿ. ಹೇಗೆಂದರೆ, ಮನೆಯವರು ದೂರಮಾಡುವರೆಂಬ ಅಂಜಿಕೆಯುಳ್ಳವನು ರಕ್ತಪರೀಕ್ಷೆಗೆ ಹೋಗುವುದಿಲ್ಲ. ಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ. ಚಿಕಿತ್ಸೆಯಿಲ್ಲದವನ ದೇಹದಲ್ಲಿ ರೋಗಾಣು ಬೆಳೆದು, ಏನನ್ನೂ ಅರಿಯದ ಅವನ ಹೆಂಡತಿಗೂ ಅವಳ ಮೂಲಕ ಹುಟ್ಟುವ ಮಗುವಿಗೂ ದಾಟುತ್ತದೆ.

ಭಾರತದಲ್ಲಿ ಈ ಸೋಂಕನ್ನು ಮೊದಲು ಪತ್ತೆಹಚ್ಚಿದ್ದು ೧೯೮೬ರಲ್ಲಿ, ಮದರಾಸಿನ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ. ಮುಂದಿನ ವರ್ಷಗಳಲ್ಲಿ ಸೋಂಕು ಹೆಚ್ಚಾಗಿರುವ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗಣನೆಗೆ ಬಂದಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ ಮೊದಲಾದ ಉತ್ತರದ ಜಿಲ್ಲೆಗಳಲ್ಲಿ, ಅಂದರೆ ಶರಣಧರ್ಮದ ಮಠಮಾನ್ಯಗಳು ದಟ್ಟವಾಗಿರುವ ಸೀಮೆಯಲ್ಲಿಯೇ, ಇದರ ಹಾವಳಿ ಹೆಚ್ಚಾಗಿತ್ತೆಂಬುದನ್ನು ಮರೆಯಲಾಗದು. ಔಷಧವೇ ಸಿಕ್ಕದಿದ್ದ ಆ ಕಾಲದಲ್ಲಿ ಸೋಂಕೆಂದರೆ ಸಾವೆಂದೇ ಜನ ತಿಳಿದಿದ್ದರು. ೨೦೦೪ರ ಏಪ್ರಿಲ್ ೧ರಿಂದ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯು ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿಂದೀಚೆಗೆ ಪರಿಸ್ಥಿತಿ ಬಹಳ ಬದಲಾಗಿದೆ. ಹೊಸ ಸೋಂಕುಗಳು ಇಳಿದಿವೆ. ನಿತ್ಯವೂ ಗುಳಿಗೆ ಸೇವಿಸುವವರು ದುಡಿದು ಬದುಕುತ್ತಿದ್ದಾರೆ. ಆದರೂ ೨೦೨೩ರ ಅಂದಾಜಿನಂತೆ ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ಸೋಂಕಿನೊಡನೆ ಬಾಳುತ್ತಿದ್ದಾರೆ. ರೋಗದ ಸ್ವರೂಪ ಬದಲಾದಷ್ಟು ವೇಗವಾಗಿ ಮನಸ್ಸು ಬದಲಾಗಲಿಲ್ಲ.

ಪಾದೋದಕ ಪ್ರಸಾದಗಳನ್ನು ಒಟ್ಟಿಗೆ ಸ್ವೀಕರಿಸುವ ಭಕ್ತರಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಒಂದೇ ಬಟ್ಟಲಿನಿಂದ ಪಾದೋದಕ ಸ್ವೀಕರಿಸಿದರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ಸೋಂಕಿತನು ಮುಟ್ಟಿದ ವಿಭೂತಿಯನ್ನು ಧರಿಸಿದರೆ ರೋಗ ಬರುವುದೇ? ಬರುವುದಿಲ್ಲ. ಜೊಲ್ಲು, ಬೆವರು, ಕಣ್ಣೀರು, ಕೆಮ್ಮು, ಸ್ಪರ್ಶ, ಅನ್ನ, ನೀರು, ಸೊಳ್ಳೆಯ ಕಡಿತ, ಇವು ಯಾವುವೂ ಇದನ್ನು ಹರಡಿಸುವುದಿಲ್ಲ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದು, ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಶಿಶುವಿಗೆ, ಇಷ್ಟೇ ಇದರ ದಾರಿಗಳು. ನಮ್ಮ ದೇಶದಲ್ಲಿ ಬಹುಪಾಲು ಸೋಂಕು ಮೊದಲನೆಯ ದಾರಿಯಿಂದಲೇ ಬಂದಿದೆ.

ಇಲ್ಲಿ ಧರ್ಮೋಪದೇಶಕರು ಒಂದು ತಪ್ಪನ್ನು ಮಾಡುವುದುಂಟು. ಪರಸತಿಯನ್ನು ಬಯಸಬಾರದು, ಏಕಪತ್ನೀವ್ರತವೇ ರಕ್ಷೆ, ಸದಾಚಾರವಿದ್ದಲ್ಲಿ ಈ ರೋಗ ಬರಲಾರದು ಎಂದು ಹೇಳಿ ಅವರು ಮಾತು ಮುಗಿಸುತ್ತಾರೆ. ಸದಾಚಾರವು ಪಂಚಾಚಾರಗಳಲ್ಲಿ ಒಂದು. ಅದರ ಬೆಲೆಯನ್ನು ಯಾರೂ ಕಡಿಮೆಮಾಡಬೇಕಾಗಿಲ್ಲ. ಆದರೆ ಮದುವೆಯ ದಿನದಿಂದ ಗಂಡನೊಬ್ಬನನ್ನೇ ಅರಿತ ಗೃಹಿಣಿಯು ಬಸುರಿಯಾಗಿ ಆಸ್ಪತ್ರೆಗೆ ಹೋದಾಗ, ರಕ್ತದಲ್ಲಿ ಸೋಂಕಿದೆಯೆಂದು ವೈದ್ಯರು ಹೇಳಿದರೆ, ಆಕೆಯ ಸದಾಚಾರದಲ್ಲಿ ಏನು ಕೊರತೆಯಿತ್ತು? ಈ ನಾಡಿನಲ್ಲಿ ಸೋಂಕಿತರಾದ ಸ್ತ್ರೀಯರಲ್ಲಿ ಬಹುಮಂದಿಗೆ ರೋಗ ಬಂದದ್ದು ಸ್ವಂತ ಗಂಡನಿಂದ. ಒಬ್ಬರ ವ್ರತವು ಇಬ್ಬರನ್ನು ಕಾಯಲಾರದು. ಸೋಂಕು ತಗುಲಿದವರೆಲ್ಲರೂ ಆಚಾರಗೆಟ್ಟವರೆಂದು ವೇದಿಕೆಯ ಮೇಲಿಂದ ಹೇಳಿದ ಮಾತು ನೇರವಾಗಿ ತಾಗುವುದು ಈ ಹೆಣ್ಣುಮಗಳನ್ನೇ. ಆಕೆ ಮತ್ತೆ ಆ ಮಠದ ಮೆಟ್ಟಿಲು ಹತ್ತುವಳೇ?

ಧರ್ಮಸಂಸ್ಥೆಗಳು ಈ ಕಾರ್ಯದಲ್ಲಿ ತೊಡಗಿದ ಉದಾಹರಣೆಗಳು ದೂರದಲ್ಲಿಲ್ಲ. ಬನಶಂಕರಿಯಿಂದ ದಕ್ಷಿಣಕ್ಕೆ ಹೋಗುವ ಕನಕಪುರ ರಸ್ತೆಯಲ್ಲಿ ಆಶ್ರಮವುಳ್ಳ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯು ೨೦೦೮ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಂದೂ ಧಾರ್ಮಿಕ ನಾಯಕರ ಸಭೆಯೊಂದನ್ನು ಇದೇ ವಿಷಯದ ಮೇಲೆ ಕರೆದಿತ್ತು. ಸೋಂಕಿತರ ಮೇಲಿನ ಕಳಂಕವನ್ನು ತೊಡೆಯುವೆವೆಂದು ಅಲ್ಲಿ ಸೇರಿದವರು ಘೋಷಿಸಿದರು. ಸರ್ಜಾಪುರ ರಸ್ತೆಯ ಕಡೆ ಕಮಿಲ್ಲಿಯನ್ ಸಂಘದ ಕ್ರೈಸ್ತ ಸಂನ್ಯಾಸಿಗಳು ಸ್ಥಾಪಿಸಿದ ಸ್ನೇಹದಾನವು ೧೯೯೦ರ ದಶಕದಿಂದಲೂ ರೋಗಿಗಳ ಶುಶ್ರೂಷೆಯನ್ನು ಕೈಗೊಂಡಿದೆ. ಘೋಷಣೆ ಸುಲಭ, ಶುಶ್ರೂಷೆ ಕಷ್ಟ. ಆದರೆ ವೀರಶೈವರ ಮನಸ್ಸಿಗೆ ಅತ್ಯಂತ ಹತ್ತಿರವಾದ ದೃಷ್ಟಾಂತ ಥೈಲ್ಯಾಂಡಿನದು. ಅಲ್ಲಿಯ ಬೌದ್ಧ ಭಿಕ್ಷುಗಳು ಚಿಯಾಂಗ್ ಮಾಯ್ ನಗರದಲ್ಲಿ ಸಂಘಮೆತ್ತಾ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಸೋಂಕಿತರ ಕೈಯಡುಗೆಯನ್ನು ಊರವರು ಮುಟ್ಟುತ್ತಿರಲಿಲ್ಲ. ಭಿಕ್ಷುಗಳು ಹೆಚ್ಚು ಮಾತನಾಡಲು ಹೋಗದೆ ಸೋಂಕಿತರು ಬಡಿಸಿದ ಭಿಕ್ಷಾನ್ನವನ್ನು ಎಲ್ಲರೆದುರಿನಲ್ಲಿ ಸ್ವೀಕರಿಸಿ ಉಂಡರು. ಜಂಗಮನು ಭಕ್ತನ ಮನೆಗೆ ಭಿಕ್ಷೆಗೆ ಬಿಜಮಾಡಿಸುವ ಸಂಪ್ರದಾಯವುಳ್ಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಂಕು ತಗುಲಿದ ಮನೆಯಲ್ಲಿ ಸ್ವಾಮಿಗಳು ಒಂದು ದಿನ ಪ್ರಸಾದ ಸ್ವೀಕರಿಸಿದರೆ, ಆ ಬೀದಿಯಲ್ಲಿ ಹತ್ತು ಉಪನ್ಯಾಸಗಳಿಂದ ಆಗದ ಕೆಲಸ ಆಗುತ್ತದೆ.

ಉಗಾಂಡ ದೇಶದ ಪಾದ್ರಿ ಗಿಡಿಯನ್ ಬ್ಯಾಮುಗಿಷಾ ಅವರು ಹೆಂಡತಿಯನ್ನು ಈ ರೋಗಕ್ಕೆ ಕಳೆದುಕೊಂಡು, ತಮಗೂ ಸೋಂಕಿದೆಯೆಂಬುದನ್ನು ೧೯೯೨ರಲ್ಲಿ ಬಹಿರಂಗವಾಗಿ ಹೇಳಿಕೊಂಡು ಅದೇ ಪೀಠದಿಂದ ಉಪದೇಶ ಮುಂದುವರಿಸಿದರು. ಧರ್ಮಗುರುವೂ ರೋಗಿಯೂ ಒಬ್ಬನೇ ಆಗಿರಬಹುದೆಂಬುದು ಆ ಜನರಿಗೆ ಅಂದು ಹೊಸ ವಿಷಯ.

ಶರಣರಿಗೆ ಮಾತ್ರ ಇಂತಹ ಸ್ವೀಕಾರ ಹೊಸದಲ್ಲ. ಸೂಳೆ ಸಂಕವ್ವೆಯೆಂದು ಹೆಸರಾದ ಶರಣೆಯು ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದಳು. ಇಂದು ದೊರೆಯುವುದು ಒಂದೇ ಒಂದು. ಊರು ಯಾರನ್ನು ಬೆಳಗಿನ ಹೊತ್ತು ಕಣ್ಣೆತ್ತಿ ನೋಡುತ್ತಿರಲಿಲ್ಲವೋ ಅವಳ ಮಾತನ್ನು ಶರಣಪರಂಪರೆ ವಚನವೆಂದು ಕಾಪಾಡಿಕೊಂಡು ಬಂದಿತು. ಅವಳ ಕಸುಬನ್ನು ಪರಂಪರೆ ಹೊಗಳಲಿಲ್ಲ, ಮರೆಮಾಚಲೂ ಇಲ್ಲ. ಅವಳ ಹೆಸರಿನ ಹಿಂದೆಯೇ ಅದನ್ನು ಉಳಿಸಿತು. ರೋಗದ ವಿಷಯದಲ್ಲಿ ಮಠಗಳಿಗೆ ಬೇಕಾದ ಎದೆಗಾರಿಕೆ ಈ ಬಗೆಯದು.

ಇನ್ನು ಯುವಕ ಯುವತಿಯರ ಮಾತು. ಜಿಲ್ಲೆಗಳಿಂದ ಬಂದ ಸಾವಿರಾರು ಮಕ್ಕಳು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ಪಿ.ಜಿ.ಗಳಲ್ಲಿ ವಾಸಿಸುತ್ತ ಓದುತ್ತಾರೆ, ದುಡಿಯುತ್ತಾರೆ. ಊರಿನಲ್ಲಿ ತಂದೆತಾಯಿಗಳು ಈ ವಿಷಯವನ್ನು ಎತ್ತಲಿಲ್ಲ. ಶಾಲೆಯಲ್ಲಿಯೂ ಎತ್ತದ ಕಾಲವೊಂದಿತ್ತು: ಹದಿಹರೆಯದ ಶಿಕ್ಷಣಕ್ರಮವನ್ನು ೨೦೦೭ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ವಿರೋಧಕ್ಕೆ ಮಣಿದು ನಿಲ್ಲಿಸಿದ್ದವು. ಹಿರಿಯರು ಹೇಳದೆ ಬಿಟ್ಟುದನ್ನು ಮಕ್ಕಳು ಕಲಿಯದೆ ಬಿಡುವುದಿಲ್ಲ. ಕೈಯಲ್ಲಿರುವ ಮೊಬೈಲಿನಿಂದ ಅರ್ಧಂಬರ್ಧ ಕಲಿಯುತ್ತಾರೆ, ಅಷ್ಟೇ. ಮಠಗಳಲ್ಲಿ ನಡೆಯುವ ಶಿವಾನುಭವ ಗೋಷ್ಠಿಗೆ ವರ್ಷಕ್ಕೆರಡು ಬಾರಿ ಒಬ್ಬ ವೈದ್ಯರನ್ನೂ ಒಬ್ಬ ಆಪ್ತಸಮಾಲೋಚಕರನ್ನೂ ಕರೆಯುವುದು ಕಷ್ಟವೇ? ಹುಡುಗರನ್ನೂ ಹುಡುಗಿಯರನ್ನೂ ಬೇರೆಬೇರೆಯಾಗಿ ಕೂರಿಸಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಂಡರೆ ಸಂಕೋಚ ತಾನಾಗಿ ಕರಗುತ್ತದೆ. ಅಲ್ಲಿ ಸಂಯಮವನ್ನೂ ಹೇಳತಕ್ಕದ್ದು, ಕಾಂಡೋಮ್ ಬಳಕೆಯನ್ನೂ ಹೇಳತಕ್ಕದ್ದು. ಆ ಪದವನ್ನು ಧಾರ್ಮಿಕ ಪತ್ರಿಕೆಯಲ್ಲಿ ಅಚ್ಚುಮಾಡಬಾರದೆನ್ನುವವರು ಉಂಟು. ಅಚ್ಚುಮಾಡದೆ ಉಳಿಸಿದ ಮಾನಕ್ಕೆ ಯಾವಳೋ ಸೊಸೆ ಬೆಲೆ ತೆರುತ್ತಾಳೆಂಬುದನ್ನು ಅವರು ಯೋಚಿಸಬೇಕು. ಅಪಾಯದ ಸಂಪರ್ಕವಾದ ೭೨ ಗಂಟೆಗಳೊಳಗೆ ಆಸ್ಪತ್ರೆಗೆ ಹೋದರೆ ೨೮ ದಿನಗಳ ಔಷಧದಿಂದ ಸೋಂಕನ್ನು ತಡೆಯುವ ಸಾಧ್ಯತೆ ಇದೆ ಎಂಬುದು ಎಷ್ಟು ಮಂದಿ ತರುಣರಿಗೆ ಗೊತ್ತಿದೆ?

ಮದುವೆ ಗೊತ್ತುಮಾಡುವ ಸಮಯದಲ್ಲಿ ವರನಿಂದ ರಕ್ತಪರೀಕ್ಷೆಯ ಪತ್ರ ತರಿಸಬೇಕೆಂಬ ಸಲಹೆ ಆಗಾಗ್ಗೆ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದಾದರೂ ಬಲವಂತ ಸಲ್ಲದು. ೨೦೧೭ರಲ್ಲಿ ಅಂಗೀಕಾರವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯಂತೆ ವ್ಯಕ್ತಿಯ ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡತಕ್ಕದ್ದು. ಅಲ್ಲದೆ ಪತ್ರವನ್ನು ನಂಬಿ ಕೂರುವುದೂ ಮೋಸವೇ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯು ಅದನ್ನು ತೋರಿಸದಿರಬಹುದು. ಇದಕ್ಕಿಂತ ಮೇಲಾದ ದಾರಿಯೆಂದರೆ, ನಿಶ್ಚಿತಾರ್ಥಕ್ಕೆ ಮೊದಲು ಗಂಡೂ ಹೆಣ್ಣೂ ತಾವಾಗಿಯೇ ಒಪ್ಪಿ ಇಬ್ಬರೂ ಸಮಾಲೋಚನೆಗೆ ಹೋಗುವುದು, ಅಪಾಯದ ಸಂದೇಹವಿದ್ದರೆ ಮೂರು ತಿಂಗಳ ತರುವಾಯ ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು. ಹೆಣ್ಣಿನ ಕಡೆಯವರು ಮಾತ್ರ ಕೇಳಬೇಕು, ಗಂಡಿನ ಕಡೆಯವರು ಕೋಪಿಸಿಕೊಳ್ಳಬೇಕು ಎಂಬ ರೂಢಿಯನ್ನು ಮುರಿಯಲು ಹಿರಿಯರ ಒಂದು ಮಾತು ಸಾಕು. ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ ಇದು ಉಚಿತ. ದೂರವಾಣಿ ಸಂಖ್ಯೆ ೧೦೯೭ಕ್ಕೆ ಕರೆಮಾಡಿದರೆ ಹೆಸರು ಹೇಳದೆಯೂ ಸಲಹೆ ಪಡೆಯಬಹುದು.

ಗರ್ಭಿಣಿಗೆ ಎಂಟನೆಯ ತಿಂಗಳಿನಲ್ಲಿ ಗರ್ಭಲಿಂಗಧಾರಣೆ ಮಾಡಿಸುವ ಸಂಪ್ರದಾಯವನ್ನು ಅನೇಕ ಮನೆಗಳು ಇಂದಿಗೂ ಪಾಲಿಸುತ್ತವೆ. ಹುಟ್ಟುವ ಮೊದಲೇ ಶಿಶುವಿನ ಕ್ಷೇಮವನ್ನು ಚಿಂತಿಸುವ ಈ ಧರ್ಮದವರು ಎಂಟನೆಯ ತಿಂಗಳಿನವರೆಗೆ ಕಾಯದೆ, ಬಸಿರು ನಿಂತ ಮೊದಲ ತಿಂಗಳುಗಳಲ್ಲಿಯೇ ತಾಯಿಗೆ ರಕ್ತಪರೀಕ್ಷೆ ಮಾಡಿಸಬೇಕು. ತಂದೆಯೂ ಜೊತೆಯಲ್ಲಿ ಹೋಗಬೇಕು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯ ಸೋಂಕು ಮಗುವಿಗೆ ಬರುವ ಸಂಭವ ಶೇಕಡಾ ೧೫ರಿಂದ ೪೫ರವರೆಗೆ. ಸಕಾಲದಲ್ಲಿ ತಾಯಿಗೂ ಶಿಶುವಿಗೂ ಔಷಧ ಕೊಟ್ಟರೆ ಅದು ಶೇಕಡಾ ೫ಕ್ಕಿಂತ ಕೆಳಗಿಳಿಯುತ್ತದೆ.

ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಸಂಸಾರ ಮುರಿಯಬೇಕೆಂದು ನೆಂಟರಿಷ್ಟರು ಸಲಹೆ ಕೊಡುವುದುಂಟು. ೯ ದೇಶಗಳ ೧,೭೬೩ ಜೋಡಿಗಳನ್ನು ಸೇರಿಸಿಕೊಂಡು ನಡೆಸಿದ ಒಂದು ಸಂಶೋಧನೆಯ ಫಲ ೨೦೧೧ರಲ್ಲಿ ಪ್ರಕಟವಾಯಿತು. ಚೆನ್ನೈ ಮತ್ತು ಪುಣೆಯ ಜೋಡಿಗಳೂ ಅದರಲ್ಲಿದ್ದರು. ಸೋಂಕಿತರಿಗೆ ಬೇಗನೆ ಚಿಕಿತ್ಸೆ ಆರಂಭಿಸಿದಲ್ಲಿ ಸಂಗಾತಿಗೆ ದಾಟುವ ಸಂಭವ ಶೇಕಡಾ ೯೬ರಷ್ಟು ಕಡಿಮೆಯಾಗಿತ್ತು. ಗುಳಿಗೆಯನ್ನು ತಪ್ಪದೆ ಸೇವಿಸಿ, ಪರೀಕ್ಷೆಯಲ್ಲಿ ರೋಗಾಣು ಕಾಣದಷ್ಟು ಕುಗ್ಗಿ, ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲವೆಂದು ನಂತರದ ಸಂಶೋಧನೆಗಳು ತೋರಿಸಿವೆ. ಗಂಡನ ಗುಳಿಗೆಯ ಹೊತ್ತನ್ನು ಹೆಂಡತಿ, ಹೆಂಡತಿಯ ಹೊತ್ತನ್ನು ಗಂಡ ನೆನಪಿಸುವುದು ಅಂತಹ ಮನೆಯ ನಿತ್ಯನೇಮ. ಇಂತಹವರಿಗೆ ಬಾಡಿಗೆ ಮನೆ, ಕೆಲಸ, ಶಾಲೆ, ಚಿಕಿತ್ಸೆಗಳನ್ನು ನಿರಾಕರಿಸುವುದು ಮೇಲೆ ಹೇಳಿದ ಕಾಯಿದೆಯಂತೆ ನಿಷಿದ್ಧ. ಜಯನಗರ ಬನಶಂಕರಿಗಳಲ್ಲಿ ಮಾಳಿಗೆಯನ್ನು ಬಾಡಿಗೆಗೆ ಕೊಡುವ ಮನೆಯೊಡೆಯರು ಇದನ್ನು ಅರಿತಿರಬೇಕು.

ಜಯನಗರದ ಅಂಚಿನಲ್ಲಿ, ನಿಮ್ಹಾನ್ಸ್ ಸಮೀಪದಲ್ಲಿರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಸೋಂಕಿತ ಮಕ್ಕಳಿಗಾಗಿಯೇ ಚಿಕಿತ್ಸಾಕೇಂದ್ರವಿದೆ. ಉಚಿತ ಔಷಧ ಆರಂಭವಾದ ವರ್ಷಗಳಲ್ಲಿ ಕೈಕೂಸುಗಳಾಗಿ ಗುಳಿಗೆ ನುಂಗಲು ಕಲಿತವರು ನಾಡಿನಾದ್ಯಂತ ಈಗ ಇಪ್ಪತ್ತು ದಾಟಿದ್ದಾರೆ. ಅವರು ಯಾವ ಆಚಾರವನ್ನೂ ಮೀರಿದವರಲ್ಲ. ತೊಟ್ಟಿಲಿಗೆ ಬರುವಾಗಲೇ ರೋಗವನ್ನು ತಂದವರು. ಓದಿ ಉದ್ಯೋಗ ಹಿಡಿದು, ಮದುವೆಯ ವಯಸ್ಸಿಗೆ ಬಂದಿದ್ದಾರೆ. ನಾಳೆ ಅವರಲ್ಲೊಬ್ಬನು ಸಂಗಾತಿಗೆ ಎಲ್ಲವನ್ನೂ ತಿಳಿಸಿ, ಆಕೆಯ ಒಪ್ಪಿಗೆ ಪಡೆದು, ಮುಹೂರ್ತ ಕೇಳಲು ಮಠಕ್ಕೆ ಬಂದರೆ, ಅವರು ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳನ್ನೂ ಪಡೆಯಬಹುದು ಎಂದು ವೈದ್ಯಶಾಸ್ತ್ರವು ಹೇಳಿಯಾಗಿದೆ. ಮುಹೂರ್ತವನ್ನು ಇಟ್ಟುಕೊಡುವುದಷ್ಟೇ ಮಠದ ಪಾಲಿಗೆ ಉಳಿದಿದೆ.